ಬೊಲೆರೊ ತಗೊಂಡು ಜನವರಿಯಾಗ ಮನಾಲಿಗೆ: ಹಿಂದಿನ ಗಾಲಿ ಗಾಡಿ ಹಿಮದಾಗ ನಡೀತದೇನ್ರಿ?

ಕಮಲಾಪುರ_ಕೆಂಬಾಳೆ · ಡಿಸೆಂಬರ್ 8, ರಾತ್ರಿ 10:12

ಎಲ್ಲಾರಿಗೂ ಶರಣ್ರಿ.

ನಮ್ಮ ಮನ್ಯಾಗ ಒಂದು ಬೊಲೆರೊ ಅದ, 2017ರದು, ಎಂಜಿನ್ ಜೋರು ಹಿಂದಿನ ಗಾಲಿಗಷ್ಟೇ ಹೋಗೋದು. ಹೊಲ, ಮದುವಿ, ದವಾಖಾನಿ, ಗಾಣಗಾಪುರದ ಹುಣ್ಣಿಮಿ, ಎಲ್ಲಾ ಅದರಾಗೇ. ತೊಗರಿ ರಾಶಿ ಮುಗಿದ ಮ್ಯಾಲ ಜನವರಿಯಾಗ ನಾನು, ನಮ್ಮ ಮನಿಯಾಕಿ, ತಮ್ಮ, ಅವನ ಹೇಣ್ತಿ, ನಾಕು ಮಂದಿ ಮನಾಲಿಗೆ ಹೊಂಟೀವಿ. ಹೈದರಾಬಾದ್, ನಾಗಪುರ, ದಿಲ್ಲಿ ಮ್ಯಾಲಿಂದ ಹೋಗ್ಲಿಕ್ಕೇ 2,300 ಕಿಲೋಮೀಟರ್ ದಾಟ್ತದ. ಅಷ್ಟು ದೂರ ಓಡ್ಸೋದಕ್ಕ ನಂಗೇನೂ ತ್ರಾಸಿಲ್ಲ.

ತ್ರಾಸು ಏನಂದ್ರ, ನಮ್ಮ ಭಾವ "ಹಿಂದಿನ ಗಾಲಿ ಗಾಡಿ ಹಿಮದಾಗ ಒಯ್ದ್ರ ಬಾಲ ಮುಂದ ಬರ್ತದ, ಮೂತಿ ಕಂದಕ ನೋಡ್ತದ" ಅಂತ ಹೇಳಿ ಮನಿಯವರನ್ನೆಲ್ಲಾ ಹೆದರಿಸಿ ಹೋಗ್ಯಾನ. ನಾನು 15 ವರ್ಷ ಆತು, ಎರಿ ಮಣ್ಣಿನ ದಾರ್ಯಾಗ ಇಂಥದೇ ಗಾಡಿ ಹೊಡೀಲಾಕತ್ತೀನಿ. ಮಳಿಗಾಲದಾಗ ನಮ್ಮ ಹೊಲದ ದಾರಿ ನೋಡೀರೇನು? ಅದಕ್ಕಿಂತ ಜಾರೋದು ಇನ್ನೇನದ ಜಗತ್ತಿನ್ಯಾಗ? ಹಿಮದಾಗ ಖರೇನೇ ಗಾಡಿ ಓಡ್ಸಿದವ್ರು ಯಾರರ ಇದ್ರ ಹೇಳ್ರಿ. ಗಾಡಿ ಒಯ್ಯಲೋ ಬ್ಯಾಡೋ?


ಸುರಪುರ_ಸವಾರ · ಡಿಸೆಂಬರ್ 8, ರಾತ್ರಿ 10:31

ಹಿಮ ನೋಡ್ಬೇಕಂದ್ರ ಫ್ರಿಜ್ಜಿನ ಮ್ಯಾಲಿನ ಬಾಗಿಲ ತೆಗೀರಿ ಅಣ್ಣಾರ, ಡೀಸೆಲ್ ಉಳೀತದ 😀

ಚಾಷ್ಟಿ ಬಿಡ್ರಿ. ಮುಂದಿನ ಗಾಲಿ ತಿರುಗೋ ಸಣ್ಣ ಕಾರು ತಗೊಂಡು ಹೋಗ್ರಿ. ಎಂಜಿನ್ನಿನ ಭಾರ ಅದೇ ಗಾಲಿ ಮ್ಯಾಲ ಇರ್ತದ, ಹಿಡಿತ ಸಿಗ್ತದ. ಬೊಲೆರೊ, ಸ್ಕಾರ್ಪಿಯೊ, ಇನ್ನೋವಾ ಕ್ರಿಸ್ಟಾ, ಸುಮೊ, ಇವೆಲ್ಲಾ ಹಿಂದಿಂದ ನೂಕೋ ಗಾಡಿ. ಎಳಿಯೋದು ಬ್ಯಾರೆ, ನೂಕೋದು ಬ್ಯಾರೆ. ಬಂಡಿಗೆ ಎತ್ತು ಮುಂದ ಕಟ್ತಾರೋ ಹಿಂದ ಕಟ್ತಾರೋ ನೀವೇ ಹೇಳ್ರಿ.


ಸೇಡಂ_ಲೆಕ್ಕ · ಡಿಸೆಂಬರ್ 9, ಬೆಳಿಗ್ಗೆ 6:50

ಎತ್ತಿನ ಹೋಲಿಕೆ ಚೆನ್ನಾಗಿದೆ, ಆದರೆ ಅರ್ಧ ಮಾತ್ರ ಸರಿ. ಸ್ವಲ್ಪ ಲೆಕ್ಕ ಹಾಕೋಣ.

ಒಣ ಡಾಂಬರಿನ ಮೇಲೆ ಟೈರಿನ ಹಿಡಿತ (ತನ್ನ ಮೇಲಿನ ಭಾರದ ಎಷ್ಟು ಪಾಲು ಬಲವನ್ನು ಟೈರು ಜಾರದೆ ಕೊಡಬಲ್ಲದು ಎಂಬ ಅಂಕಿ) ಸುಮಾರು 0.7. ತುಳಿದು ಗಟ್ಟಿಯಾದ ಹಿಮದ ಮೇಲೆ 0.2ರ ಆಸುಪಾಸು. ನುಣುಪು ಮಂಜುಗಡ್ಡೆಯ ಮೇಲೆ 0.1, ಕೆಲವೊಮ್ಮೆ ಅದಕ್ಕೂ ಕಡಿಮೆ. ಗಾಡಿಯ ಭಾರದಲ್ಲಿ ಅರ್ಧ ಹಿಂದಿನ ಗಾಲಿಗಳ ಮೇಲಿದೆ ಎಂದುಕೊಳ್ಳಿ. ಹಿಮದ ಮೇಲೆ ಆ ಎರಡು ಗಾಲಿಗಳು ಕೊಡಬಲ್ಲ ನೂಕುಬಲ ಒಟ್ಟು ಭಾರದ ಹತ್ತನೇ ಒಂದು ಪಾಲು. ಅಂದರೆ 100 ಮೀಟರಿಗೆ 10 ಮೀಟರ್ ಏರುವ ರಸ್ತೆ ಬಂದರೆ ಅಲ್ಲಿಗೆ ನಿಮ್ಮ ಗಾಡಿಯ ಶಕ್ತಿ ಮುಗಿಯಿತು. ಎಂಜಿನ್ ಎಷ್ಟು ದೊಡ್ಡದಿದ್ದರೂ ಅಷ್ಟೇ. ನಾಲ್ಕೂ ಗಾಲಿ ತಿರುಗುವ ಗಾಡಿ 20 ಮೀಟರ್ ಏರಿನವರೆಗೂ ಹೋಗುತ್ತದೆ.

ಮುಂದಿನ ಗಾಲಿಯದೇ ಮೇಲು ಎನ್ನುವ ಸುರಪುರದವರಿಗೆ ಒಂದು ಮಾತು. ಏರಿನಲ್ಲಿ ಭಾರ ಹಿಂದಕ್ಕೆ ವಾಲುತ್ತದೆ. ಹಿಂದಿನ ಸೀಟಿನಲ್ಲಿ ಮೂವರು, ಡಿಕ್ಕಿಯ ತುಂಬ ಸಾಮಾನು ಇದ್ದರೆ ಸಣ್ಣ ಕಾರಿನ ಮುಂದಿನ ಗಾಲಿ ಹಗುರಾಗಿ ಅಲ್ಲೇ ತಿರುಗುತ್ತ ನಿಲ್ಲುತ್ತದೆ. ಅದೇ ಭಾರ ತುಂಬಿದ ಬೊಲೆರೊ ಏರಿಬಿಡಬಹುದು. ಖಾಲಿ ಬೊಲೆರೊ ಏರುವುದಿಲ್ಲ.

ಆದರೆ ಇದೆಲ್ಲ ಏರಿನ ಲೆಕ್ಕ. ಇಳಿಜಾರಿನ ಲೆಕ್ಕ ಇನ್ನೂ ಕೆಟ್ಟದು. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ವೇಗದಿಂದ ನಿಲ್ಲಲು ಒಣ ಡಾಂಬರಿನ ಮೇಲೆ 9 ಮೀಟರ್ ಸಾಕು. ಹಿಮದ ಮೇಲೆ 31 ಮೀಟರ್, ಗಡ್ಡೆಯ ಮೇಲೆ 63 ಮೀಟರ್ ಬೇಕು. ಇದು ಬ್ರೇಕ್ ಒತ್ತಿದ ಕ್ಷಣದಿಂದ ಮಾತ್ರ. ಇನ್ನು 100ಕ್ಕೆ 10ರ ಇಳಿಜಾರಿನಲ್ಲಿ, 0.1 ಹಿಡಿತದ ಗಡ್ಡೆಯ ಮೇಲೆ? ಬ್ರೇಕ್ ಹಿಡಿಯುವಷ್ಟನ್ನೇ ಇಳಿಜಾರು ಎಳೆಯುತ್ತದೆ. ಉಳಿಯುವುದು ಸೊನ್ನೆ. ಗಾಡಿ ನಿಲ್ಲುವುದೇ ಇಲ್ಲ, ಬಂದ ವೇಗದಲ್ಲೇ ಹೋಗುತ್ತಿರುತ್ತದೆ. ಆಗ ಯಾವ ಗಾಲಿಗೆ ಎಂಜಿನ್ ಜೋಡಿಸಿದ್ದಾರೆ ಎಂಬ ಚರ್ಚೆಗೆ ಅರ್ಥವೇ ಇಲ್ಲ.


ಕಮಲಾಪುರ_ಕೆಂಬಾಳೆ · ಡಿಸೆಂಬರ್ 9, ಬೆಳಿಗ್ಗೆ 7:35

ಸರ್, ಚಾ ಕುಡಿಯೋ ಹೊತ್ತಿನ್ಯಾಗ ಸೊನ್ನಿ ತೋರಿಸಿ ಬಿಟ್ರಿ. ಮನಿಯಾಕಿಗೆ ಇದು ಓದಿ ಹೇಳಿಲ್ಲ.


ಫೌಜಿ_ಕಾಕಾ_ಆಳಂದ · ಡಿಸೆಂಬರ್ 9, ಮಧ್ಯಾಹ್ನ 2:20

ತಮ್ಮಾ, ನಾ ಫೌಜಿನ್ಯಾಗ ಡ್ರೈವರ್ ಇದ್ದೆ. ಕಾಶ್ಮೀರದಿಂದ ಲಡಾಖಿಗೆ ಹೋಗೋ ಹಾದ್ಯಾಗ, ಸೋನಮರ್ಗ, ಜೋಜಿ ಲಾ, ದ್ರಾಸ್ ಆ ಕಡಿ ಭಾಳ ವರ್ಷ ಓಡ್ಸೀನಿ. ಜೋಜಿ ಲಾ ಘಾಟು 11,500 ಅಡಿ ಮ್ಯಾಲದ. ನಾಕೂ ಗಾಲಿ ತಿರುಗೋ ಫೋರ್ ಬೈ ಫೋರ್ ಗಾಡಿನೂ ಹೊಡದೀನಿ, ಬರೇ ಹಿಂದಿನ ಗಾಲಿ ತಿರುಗೋ ಲಾರಿನೂ ಹೊಡದೀನಿ. ಮೊದಲ ಒಂದ್ ಮಾತು ತಿಳ್ಕೋ: ಪಹಾಡಿನ ಬಸ್ಸು, ಲಾರಿ ಎಲ್ಲಾ ಹಿಂದಿನ ಗಾಲಿ ಗಾಡಿನೇ. ಗುಲ್ಮರ್ಗಿಗೆ ತಂಗ್‌ಮರ್ಗಿನಿಂದ 13 ಕಿಲೋಮೀಟರ್ ಏರು. ಅಲ್ಲಿ ಸುಮೊದವ್ರು ಚಳಿಗಾಲ ಪೂರ್ತಿ ಟೈರಿನ ಸುತ್ತ ಕಬ್ಬಿಣದ ಚೈನ್ ಕಟ್ಟಿ ಮಂದೀನ ಏರಸ್ತಾರ. ಹಂಗಾಗಿ ನಿನ್ನ ಭಾವ ಹೇಳಿದ್ದು ಪೂರ್ತಿ ಖರೆ ಅಲ್ಲ. ಆದ್ರ ನೀ ಹೇಳಿದ ಎರಿ ಮಣ್ಣಿನ ಮಾತೂ ಪೂರ್ತಿ ಖರೆ ಅಲ್ಲ.

ನಾನೂ ಎರಿ ಮಣ್ಣಿನ್ಯಾಗೇ ಟ್ರ್ಯಾಕ್ಟರ್ ಕಲ್ತವ. ಮೊದಲ ಚಳಿಗಾಲದಾಗ ಅದೇ ಚಾಳಿ ನನ್ನ ಕಂದಕಕ್ಕ ಒಯ್ದಿತ್ತು. ಯಾಕ ಅಂತ ಹೇಳ್ತೀನಿ ಕೇಳು.

ರಾಡ್ಯಾಗ ಗಾಡಿ ನಿಲ್ಲಿಸಬಾರ್ದು ಅಂತ ನಮಗ ಗೊತ್ತದ. ಓಟ ಬಿಡಬಾರ್ದು, ರೇಸ್ ಕೊಟ್ಕೋತ ಹೋಗ್ಬೇಕು. ಗಾಲಿ ಗರಗರ ತಿರುಗಿದ್ರ ಟೈರಿನ ಗೆರಿಯೊಳಗಿನ ಮಣ್ಣು ಸಿಡಿದು ಹೋಗ್ತದ, ಕೆಳಗ ಗಟ್ಟಿ ನೆಲ ಸಿಗ್ತದ, ಗಾಡಿ ಹೊರಗ ಬರ್ತದ. ಹೌದಿಲ್ಲೋ? ಹಿಮದಾಗ ಇದೇ ಉಲ್ಟಾ. ಗಾಲಿ ಜಾಗದಾಗೇ ತಿರುಗಿತು ಅಂದ್ರ ಅದರ ಬಿಸಿಗೆ ಕೆಳಗಿನ ಹಿಮ ಸೊಲ್ಪ ಕರಗ್ತದ, ನೀನು ಎಕ್ಸಲೇಟರ್ ಬಿಟ್ಟ ಕೂಡ್ಲೇ ಅದೇ ನೀರು ಗಾಜಾಗ್ತದ. ನಾಕು ಸಲ ರೇಸ್ ಕೊಟ್ರ ನಿನ್ನ ಗಾಲಿ ಕೆಳಗ ನೀನೇ ಶಹಾಬಾದಿ ಫರ್ಸಿ ಪಾಲಿಶ್ ಮಾಡಿ ಹಾಸಿದಂಗ. ಒಂದು ಗಾಲಿ ತಿರುಗ್ಲಾಕತ್ತಿತು ಅಂದ್ರ ನಿಂದ್ರು. ಇಳಿ. ಮಣ್ಣು, ಉಸುಕು, ಹಳೇ ಗೋಣಿಚೀಲ ಏನರ ಹಾಕು. ಎರಡನೇ ಗೇರಿನ್ಯಾಗ, ಕ್ಲಚ್ ಮೆಲ್ಲಕ ಬಿಟ್ಟು, ಹಾಲು ಉಕ್ಕದಂಗ ಗಾಡಿ ಎತ್ತು. ಮೊದಲನೇ ಗೇರಿಗೆ ಜೋರು ಜಾಸ್ತಿ, ಗಾಲಿ ಕಿತ್ಕೊಂಡು ತಿರುಗ್ತದ.

ಭಾರದ್ದು ಸೇಡಂ ಗುರುಗಳು ಹೇಳ್ಯಾರ, ಖರೆ. ಎರಡು ಚೀಲ ಉಸುಕು ಹಿಂದಿನ ಹೌಸಿಂಗಿನ (ಹಿಂದಿನ ಎರಡೂ ಗಾಲಿ ಕೂಡಿಸೋ ಅಚ್ಚಿನ) ಬರಾಬರ್ ಮ್ಯಾಲ ಇಡು. ಅದಕ್ಕಿಂತ ಹಿಂದ, ಬಾಗಿಲ ಹತ್ರ ಇಟ್ರ ಮುಂದಿನ ಗಾಲಿ ಹಗುರಾಗಿ ಸ್ಟೇರಿಂಗ್ ಮಾತು ಕೇಳಂಗಿಲ್ಲ. ಉಸುಕಿನ ಚೀಲ ಹಗ್ಗ ಹಾಕಿ ಬಿಗಿ. ಸಿಕ್ಕಿ ಬಿದ್ರ ಅದೇ ಉಸುಕು ಗಾಲಿ ಕೆಳಗ ಹಾಕ್ಲಿಕ್ಕೂ ಬರ್ತದ.

ಚೈನ್ ಯಾವ ಗಾಲಿಗೆ ಅಂತ ಕೇಳ್ತಾರ ಮಂದಿ. ತಿರುಗೋ ಗಾಲಿಗೆ. ನಿನಗ ಹಿಂದಿನ ಎರಡಕ್ಕ. ನಿನ್ನ ಟೈರಿನ ಅಳತಿದೇ ತಗೋ, 215/75 ಆರ್15 ಇರಬೇಕು, ಬಾಜೂಕ ಬರದಿರ್ತದ ನೋಡು. ಮನ್ಯಾಗೇ ಅಂಗಳದಾಗ ಹತ್ತು ಸಲ ಕಟ್ಟಿ ಬಿಚ್ಚು, ಆಮ್ಯಾಲ ಕಣ್ಣು ಮುಚ್ಚಿ ಕಟ್ಟು. ಅಲ್ಲಿ ಕತ್ತಲದಾಗ, ಬಳ್ಳು ಮರಗಟ್ಟಿದಾಗ ಕಲೀಲಿಕ್ಕೆ ಬರಂಗಿಲ್ಲ.

ಇಳಿಜಾರಿಂದು ಸಂಜಿಗಿ ಬರೀತೀನಿ. ಮೊಮ್ಮಗನ್ನ ಸಾಲ್ಯಾಗಿಂದ ಕರ್ಕೊಂಡು ಬರೋದದ.


ಮಿಸ್ತ್ರಿ_ಶಹಾಬಾದ್ · ಡಿಸೆಂಬರ್ 9, ಸಂಜೆ 5:05

ಕಾಕಾ ಬರೋ ತನ ಗಾಡಿ ಮಾತು ನಾ ಹೇಳ್ತೀನಿ. ಅಣ್ಣಾ, ಖರೆ ಹೇಳ್ರಿ, ನಿಮ್ಮ ರೇಡಿಯೇಟರಿನ್ಯಾಗ ಕೂಲಂಟ್ ಅದೋ ಬೋರಿನ ನೀರದೋ? ನನ್ನ ಹತ್ರ ಬರೋ ಹತ್ತು ಗಾಡ್ಯಾಗ ಎಂಟರಾಗ ಖಾಲಿ ನೀರು. ಮೇ ತಿಂಗಳ ಬಿಸಿಲಿಗೆ ಕಮ್ಮಿ ಆಯ್ತು ಅಂತ ಬಾಟಲಿ ನೀರು ಸುರೀತಾರ, ಮುಗೀತು. ನಮ್ಮಲ್ಲಿ ನಡೀತದ. ಅಲ್ಲಿ ರಾತ್ರಿ ಆ ನೀರು ಗಡ್ಡಿ ಆಗಿ ಹಿಗ್ಗಿದ್ರ ರೇಡಿಯೇಟರ್ ಹೋಗ್ತದ, ನಸೀಬು ಕೆಟ್ಟಿದ್ರ ಬ್ಲಾಕ್ ಸೀಳ್ತದ. ಪೂರ್ತಿ ಖಾಲಿ ಮಾಡಿ ಅರ್ಧ ಕೂಲಂಟ್, ಅರ್ಧ ಡಿಸ್ಟಿಲ್ಡ್ ವಾಟರ್ ತುಂಬಸ್ರಿ. ಆ ಬೆರಕಿ −35ರ ತನ ಗಟ್ಟಿ ಆಗಂಗಿಲ್ಲ. ಕಾಚಿಗಿ ಹೊಡಿಯೋ ಟಾಕಿದೂ ಬರೇ ನೀರು ಬ್ಯಾಡ.

ಬ್ಯಾಟರಿ ಮೂರು ವರ್ಷ ಆಗಿದ್ರ ಬದಲಿ ಮಾಡ್ರಿ. ಥಂಡಿಗೆ ಬ್ಯಾಟರಿ ಅರ್ಧಾ ಸಾಯ್ತದ, ಎಂಜಿನ್ ಆಯಿಲ್ ಗಟ್ಟಿ ಆಗಿ ತಿರುಗ್ಲಿಕ್ಕೆ ಜೋರು ಜಾಸ್ತಿ ಬೇಡ್ತದ. ಡೀಸೆಲ್ಲಿಂದು: ನಮ್ಮ ಕಡಿದು ದಿಲ್ಲಿ ಮುಟ್ಟೋದ್ರಾಗೇ ಖಾಲಿ ಆಗಿರ್ತದ, ಚಿಂತಿಲ್ಲ. ಮ್ಯಾಲ ಹೋದ ಮ್ಯಾಲ ಅಲ್ಲಿನ ಪಂಪಿನ್ಯಾಗೇ ತುಂಬಸ್ರಿ. ಥಂಡಿಗೆ ಡೀಸೆಲ್ಲಿನ್ಯಾಗಿನ ಮೇಣ ಗಟ್ಟಿ ಆಗಿ ಫಿಲ್ಟರ್ ಕಟ್ಟಿಕೊಳ್ತದ. ಅದಕ್ಕೇ ಲಡಾಖಿಗೆ ಅಂತ 2019ರ ನವೆಂಬರಿನ್ಯಾಗ −33ರ ತನ ಹರಿಯೋ ಡೀಸೆಲ್ ಬ್ಯಾರೆ ತಂದ್ರು.

ಇನ್ನೊಂದು. ರಾತ್ರಿ ಗಾಡಿ ನಿಂದ್ರಸಿದಾಗ ಹ್ಯಾಂಡ್ ಬ್ರೇಕ್ ಎಳೀಬ್ಯಾಡ್ರಿ. ಹಸಿ ಡ್ರಮ್ಮಿಗೆ ಲೈನರ್ ಅಂಟಿ ಗಡ್ಡಿ ಆಗ್ತದ, ಮುಂಜಾನಿ ಹಿಂದಿನ ಗಾಲಿ ತಿರುಗಂಗಿಲ್ಲ. ಗೇರಿನ್ಯಾಗ ಬಿಟ್ಟು ಗಾಲಿಗಿ ಕಲ್ಲು ಕೊಡ್ರಿ.

ಟೈರು ಸವೆದು ಬೋಳಾಗಿದ್ರ ನನ್ನ ಹತ್ರ ಬರಬ್ಯಾಡ್ರಿ, ಮನ್ಯಾಗೇ ಇರ್ರಿ. ನಮ್ಮ ಬಿಸಿಲಿಗಂತ ಮಾಡಿದ ರಬ್ಬರ್ 7 ಡಿಗ್ರಿ ಕೆಳಗ ಹೋದ್ರ ಕಟಿಗಿ ಆಗ್ತದ. ಹಿಮದ ಟೈರು ಬ್ಯಾರೇನೇ ಇರ್ತಾವ, ಬಾಜೂಕ ಮೂರು ಶಿಖರದ ಗುಡ್ಡ, ಅದರೊಳಗ ಹಿಮದ ಹರಳಿನ ಚಿತ್ರ ಇರ್ತದ. ನಮ್ಮ ಕಡಿ ಅಂಗಡ್ಯಾಗ ಅವು ನಾ ನೋಡಿಲ್ಲ. ಹಂಗಾಗಿ ನಿಮಗ ಚೈನೇ ಗತಿ.


ಬಿದ್ರಿ_ಬೆಳ್ಳಿ · ಡಿಸೆಂಬರ್ 9, ರಾತ್ರಿ 8:45

ನಾನು ಬೀದರಿನವಳು, ನಾಲ್ಕು ವರ್ಷ ಚಂಡೀಗಢದಲ್ಲಿ ಕೆಲಸದಲ್ಲಿದ್ದೆ. ಮಾತಾಡಬಾರದು ಅಂದುಕೊಂಡಿದ್ದೆ, ಆದರೆ ಇಳಿಜಾರಿನ ಮಾತು ಬಂದಿದ್ದಕ್ಕೆ ಬರೆಯುತ್ತಿದ್ದೇನೆ.

ಒಂದು ಫೆಬ್ರವರಿಯಲ್ಲಿ ಶಿಮ್ಲಾ ಕಡೆ, ಕುಫ್ರಿ ದಾಟಿ ನಾರ್ಕಂಡಾಕ್ಕೆ ಹೋಗಿದ್ವಿ. ಬಾಡಿಗೆಗೆ ತಗೊಂಡ ದೊಡ್ಡ ಗಾಡಿ, ಹಿಂದಿನ ಗಾಲಿಯದು. ನಾನೇ ಓಡಿಸುತ್ತಿದ್ದೆ. ಹೋಗುವಾಗ ಏನೂ ಆಗಲಿಲ್ಲ. ವಾಪಸ್ಸು ಬರುವಾಗ ಸಂಜೆ ನಾಲ್ಕೂವರೆ ಆಗಿತ್ತು. ರಸ್ತೆ ಬರೀ ಒದ್ದೆ ಇದ್ದಂಗೆ ಕಪ್ಪಗೆ ಕಾಣುತ್ತಿತ್ತು. ಘಾಟಿನಲ್ಲಿ ಬ್ರೇಕ್ ಬದಲು ಗೇರಿನಿಂದ ಇಳಿಸಬೇಕು ಅಂತ ಎಲ್ಲರೂ ಹೇಳ್ತಾರಲ್ಲ, ನಾನೂ ಅದೇ ಮಾಡಿದೆ. ತಿರುವಿಗೆ ಮುಂಚೆ ಮೂರರಿಂದ ಎರಡಕ್ಕೆ ಹಾಕಿ ಕ್ಲಚ್ ಬಿಟ್ಟೆ. ನಮ್ಮ ಊರಿನಲ್ಲಿ ಬಿಡೋ ಹಾಗೇ, ಟಕ್ ಅಂತ.

ಎಂಜಿನ್ ಹಿಡಿದಿದ್ದು ಬರೀ ಹಿಂದಿನ ಎರಡು ಗಾಲಿಯನ್ನ. ಅವು ಗಕ್ಕನೆ ನಿಂತವು, ಮುಂದಿನವು ಉರುಳುತ್ತಲೇ ಇದ್ದವು. ನಾನು ಹ್ಯಾಂಡ್ ಬ್ರೇಕ್ ಎಳೆದಿದ್ದರೂ ಅದೇ ಆಗುತ್ತಿತ್ತು, ಫರಕ್ಕೇನೂ ಇಲ್ಲ. ಗಾಡಿ ಮೆಲ್ಲಗೆ, ಬಹಳ ಮೆಲ್ಲಗೆ ಅಡ್ಡ ತಿರುಗಿತು. ಕಿಟಕಿಯಲ್ಲಿ ನೇರವಾಗಿ ದೇವದಾರು ಮರ ಕಾಣಿಸಿತು, ಅದು ಈಗಲೂ ಕಣ್ಣ ಮುಂದಿದೆ. ಸದ್ದೇ ಇಲ್ಲ. ಟೈರು ಕಿರಿಚುತ್ತೆ ಅಂತ ಅಂದುಕೊಂಡಿರ್ತೀವಿ, ಗಡ್ಡೆಯ ಮೇಲೆ ಏನೂ ಕೇಳಿಸಲ್ಲ. ಗುಡ್ಡದ ಕಡೆಯ ಚರಂಡಿಗೆ ಹಿಂದಿನ ಗಾಲಿ ಬಿತ್ತು, ಅದೇ ಪುಣ್ಯ. ಇನ್ನೊಂದು ಕಡೆಗೆ ತಿರುಗಿದ್ದರೆ ಇದನ್ನ ಬರೆಯುತ್ತಿರಲಿಲ್ಲ.

ಆಮೇಲೆ ಒಬ್ಬ ಟ್ರಕ್ಕಿನವರು ಎಳೆದು ಹಾಕಿದರು. ಅವರು ಹೇಳಿದ ಮಾತು: "ಬೆಹೆನ್‌ಜೀ, ಯೇ ಪಾನಿ ನಹೀಂ, ಪಾಲಾ ಹೈ." ಅಲ್ಲಿ ಅದಕ್ಕೆ ಪಾಲಾ ಅಂತಾರೆ. ಹಗಲು ಕರಗಿದ್ದು ಬಿಸಿಲು ಹೋದ ಕೂಡಲೇ ಕಾಣದ ಹಾಗೆ ಗಟ್ಟಿಯಾಗುತ್ತೆ. ನೆರಳಿನ ತಿರುವು, ಸೇತುವೆ, ಚಿಲುಮೆ ಹರಿಯೋ ಜಾಗ, ಅಲ್ಲೇ ಮೊದಲು.


ಫೌಜಿ_ಕಾಕಾ_ಆಳಂದ · ಡಿಸೆಂಬರ್ 9, ರಾತ್ರಿ 9:30

ಅವ್ವಾ, ನಾ ಬರೀಬೇಕಂದಿದ್ದು ನೀನೇ ಬರ್ದಿ. ಭಾಳ ಚಲೋ ಆತು.

ತಮ್ಮಾ, ಹಂಗಂತ ಗೇರ್ ಬ್ಯಾಡ ಅಂತಲ್ಲ. ನೂಟ್ರಲ್ ಅಂತೂ ಬಿಲ್ಕುಲ್ ಬ್ಯಾಡ. ಇಳಿಜಾರು ಸುರು ಆಗೋಕಿಂತ ಮೊದಲೇ, ಸಮ ಜಾಗದಾಗ, ಗಾಡಿ ಇನ್ನೂ ನಿನ್ನ ಮಾತು ಕೇಳ್ಲಾಕತ್ತಿದಾಗ ಎರಡನೇ ಗೇರಿಗೆ ಹಾಕು. ಇಳಿಜಾರಿನ ನಡುವ ಗೇರ್ ಬದಲಿ ಮಾಡ್ಲೇಬೇಕಾದ್ರ ಸೊಲ್ಪ ರೇಸ್ ಕೊಟ್ಟು ಎಂಜಿನ್ನಿನ ತಿರುಗು ಗಾಲಿ ತಿರುಗಿಗೆ ಕೂಡಿಸಿ, ಕ್ಲಚ್ ಉಸಿರು ಬಿಟ್ಟಂಗ ಬಿಡು. ಎರಡನೇ ಗೇರಿನ್ಯಾಗ ಸುಮ್ನ ಉರುಳಿದ್ರ ಹತ್ತು ಹದಿನೈದಕ್ಕ ಇಳೀತದ. ಸಾಕು.

ನಿನ್ನ 2017ರ ಗಾಡಿಗಿ ಎಬಿಎಸ್ (ಬ್ರೇಕ್ ಒತ್ತಿದಾಗ ಗಾಲಿ ಕಟ್ಟಿಕೊಳ್ಳದಂಗ ನೋಡೋದು) ಇರಂಗಿಲ್ಲ ಅನ್ಕೋತೀನಿ, ಎಲ್ಲಾ ಕಾರಿಗೂ ಅದು ಕಡ್ಡಾಯ ಆದದ್ದು 2019ರ ಏಪ್ರಿಲಿನಿಂದ. ಹಂಗಾದ್ರ ಬ್ರೇಕ್ ಒತ್ತಿ ಹಿಡೀಬ್ಯಾಡ. ಒತ್ತು, ಬಿಡು, ಒತ್ತು, ಬಿಡು. ಗಾಲಿ ಕಟ್ಟಿಕೊಂಡ್ರ ಸ್ಟೇರಿಂಗ್ ತಿರುವಿದ್ರೂ ಗಾಡಿ ನೆಟ್ಟಗ ಹೋಗ್ತದ.

ಬಾಲ ಹೊಂಟ್ರ ಏನು ಮಾಡ್ಬೇಕು? ಎಕ್ಸಲೇಟರಿನಿಂದ ಕಾಲು ಮೆಲ್ಲಕ ತೆಗಿ, ಬ್ರೇಕ್ ಮುಟ್ಟಬ್ಯಾಡ, ಬೇಕಾದ್ರ ಕ್ಲಚ್ ಒತ್ತಿ ಹಿಂದಿನ ಗಾಲಿ ಬಿಡುಗಡಿ ಮಾಡು. ಬಾಲ ಬಲಕ್ಕ ಹೊಂಟ್ರ ಸ್ಟೇರಿಂಗ್ ಬಲಕ್ಕ, ಎಡಕ್ಕ ಹೊಂಟ್ರ ಎಡಕ್ಕ. ಕಂದಕ ನೋಡಬ್ಯಾಡ, ರಸ್ತಿ ನೋಡು. ಕಣ್ಣು ಎಲ್ಲಿ ಹೋಗ್ತದೋ ಕೈ ಅಲ್ಲೇ ಹೋಗ್ತದ. ಗಾಡಿ ನೆಟ್ಟಗಾದ ಕೂಡ್ಲೇ ಸ್ಟೇರಿಂಗ್ ವಾಪಸ್ ತಾ, ಇಲ್ಲಂದ್ರ ಬಾಲ ಆ ಕಡಿ ಬೀಸ್ತದ. ಅದು ಮೊದಲಿಗಿಂತ ಜೋರಿರ್ತದ.

ಗುಡ್ಡದ ರಸ್ತ್ಯಾಗ ಇಕ್ಕಟ್ಟಾದ್ರ ಇಳಿಯೋ ಗಾಡಿ ನಿಂತು ಏರೋ ಗಾಡಿಗೆ ಹಾದಿ ಬಿಡಬೇಕು, ಕಾನೂನೂ ಅದೇ. ಏರೋವ ನಿಂತ ಅಂದ್ರ ಮತ್ತ ಏಳಂಗಿಲ್ಲ.


ಸುರಪುರ_ಸವಾರ · ಡಿಸೆಂಬರ್ 10, ಬೆಳಿಗ್ಗೆ 9:15

ಎತ್ತಿನ ಮಾತು ವಾಪಸ್ ತಗೊಂಡೆ. ಆದ್ರ ಕಾಕಾ, ಇವರು ಪ್ರಾಕ್ಟೀಸ್ ಎಲ್ಲಿ ಮಾಡ್ಬೇಕು? ನಮ್ಮ ಮೂರು ಜಿಲ್ಲಾದಾಗ ಘಾಟು ಅನ್ನೋ ಘಾಟೇ ಇಲ್ಲ. ಚಿಂಚೋಳಿ ಕಡಿ ಕುಂಚಾವರಂ ಕಾಡಿನ ನಾಕು ತಿರುವು ಬಿಟ್ರ ಎಲ್ಲಾ ರೊಟ್ಟಿ ಹಂಚಿನಂಗ.


ಫೌಜಿ_ಕಾಕಾ_ಆಳಂದ · ಡಿಸೆಂಬರ್ 10, ಬೆಳಿಗ್ಗೆ 10:40

ಘಾಟಿಲ್ಲ, ಆದ್ರ ಈಗ ತೊಗರಿ ಸುಗ್ಗಿ ಅದ. ಹಳ್ಳಿ ರಸ್ತಿ ಮ್ಯಾಲೆಲ್ಲಾ ರಾಶಿ ಹರವ್ಯಾರ. ಬೈಕಿನವ್ರು ದಿನಾ ಬೀಳ್ತಾರ. ಯಾಕ ಬೀಳ್ತಾರ? ಕಾಳಿನ ಮ್ಯಾಲ ಬ್ರೇಕ್ ಹೊಡೀತಾರ, ಅದಕ್ಕ. ಕಾಳು ಗಾಲಿ ಕೆಳಗ ಬೇರಿಂಗಿನ ಗುಂಡಿನಂಗ ಉರುಳ್ತಾವ. ಬೀಳಲಾರದವ ಏನು ಮಾಡ್ತಾನ? ದೂರದಾಗೇ ನೋಡಿ, ಮೊದಲೇ ಕಮ್ಮಿ ಮಾಡಿ, ಕಾಳಿನ ಮ್ಯಾಲ ಬಂದಾಗ ಏನೂ ಮಾಡಂಗಿಲ್ಲ. ಬ್ರೇಕ್ ಇಲ್ಲ, ರೇಸ್ ಇಲ್ಲ, ತಿರುವೋದಿಲ್ಲ. ಸುಮ್ನ ದಾಟ್ತಾನ. ಹಿಮದಾಗ ಇಳಿಯೋದು ಅಷ್ಟೇ ತಮ್ಮಾ. ಫರಕ್ ಏನಂದ್ರ ಇಲ್ಲಿ ರಾಶಿ ಇಪ್ಪತ್ತು ಮಾರಿಗೆ ಮುಗೀತದ, ಅಲ್ಲಿ ಇಪ್ಪತ್ತು ಕಿಲೋಮೀಟರಿಗೂ ಮುಗಿಯಂಗಿಲ್ಲ.

(ಮಂದಿ ರಾಶಿ ಮ್ಯಾಲ ಗಾಡಿ ಒಯ್ದು ಕಲೀಬ್ಯಾಡ್ರಿ ಮತ್ತ. ರೈತನ ಬಾಯಾಗ ನನ್ನ ಹೆಸರು ಬರ್ತದ.)


ಬಿದ್ರಿ_ಬೆಳ್ಳಿ · ಡಿಸೆಂಬರ್ 10, ಮಧ್ಯಾಹ್ನ 1:10

ಕೆಂಬಾಳೆ ಅಣ್ಣ, ಹಿಮ ಬಿದ್ದ ದಿನ ಮನಾಲಿ ಹತ್ತಿರದ ಸೋಲಂಗದಿಂದ ಮುಂದೆ ಅಟಲ್ ಸುರಂಗದ ಕಡೆಗೆ ಪೊಲೀಸರೇ ತಡೀತಾರೆ. ಫೋರ್ ಬೈ ಫೋರ್ ಬಿಡ್ತಾರೆ, ಕೆಲವು ಸಲ ಚೈನ್ ಕಟ್ಟಿದ್ದವನ್ನೂ. ವಾದ ಮಾಡಬೇಡಿ. 2024ರ ಡಿಸೆಂಬರ್ ಕೊನೆಯ ವಾರ ಆ ರಸ್ತೆಯಲ್ಲಿ ಸಾವಿರದಷ್ಟು ಗಾಡಿ ಸಿಕ್ಕಿಹಾಕಿಕೊಂಡಿದ್ದವು.

ಹಾಗೇನಾದರೂ ಗಾಡಿಯಲ್ಲೇ ರಾತ್ರಿ ಕಳೆಯೋ ಪರಿಸ್ಥಿತಿ ಬಂದರೆ, ಎಂಜಿನ್ ಹಾಕಿಕೊಂಡು ಹೀಟರ್ ಬಿಟ್ಟು ಮಲಗಬೇಡಿ. ಸೈಲೆನ್ಸರ್ ಬಾಯಿಗೆ ಹಿಮ ತುಂಬಿದರೆ ಹೊಗೆ ಒಳಗೇ ಬರುತ್ತೆ. 2022ರ ಜನವರಿಯಲ್ಲಿ ಪಾಕಿಸ್ತಾನದ ಮರ್ರಿಯಲ್ಲಿ 20ಕ್ಕೂ ಹೆಚ್ಚು ಜನ ಗಾಡಿಗಳಲ್ಲೇ ತೀರಿಹೋದರು. ಕಂಬಳಿ ಒಯ್ಯಿರಿ, ಸಲಿಕೆ ಒಂದು ಒಯ್ಯಿರಿ. ಸೈಲೆನ್ಸರ್ ಸುತ್ತ ಬಿಡಿಸಿ, ಹತ್ತು ನಿಮಿಷ ಹಾಕಿ, ಆಫ್ ಮಾಡಿ, ಕಿಟಕಿ ಒಂದು ಬೆರಳಷ್ಟು ತೆಗೆದಿಡಿ.


ಕಮಲಾಪುರ_ಕೆಂಬಾಳೆ · ಡಿಸೆಂಬರ್ 28, ರಾತ್ರಿ 9:50

ಚೈನ್ ಬಂದಾವ. ಅಂಗಳದಾಗ ಕಟ್ಲಿಕತ್ತಿದ್ರ ಓಣಿ ಹುಡುಗ್ರೆಲ್ಲಾ ಕೂಡ್ಯಾರ. ನಮ್ಮ ಅಪ್ಪ ಕಟ್ಟಿ ಮ್ಯಾಲ ಕುಂತು, "ಕಾರಹುಣ್ಣಿಮಿ ಎತ್ತಿಗೆ ಗೆಜ್ಜಿ ಕಟ್ದಂಗ ಕಟ್ಲಾಕತ್ಯಾನ ನೋಡ್ರಿ" ಅಂತಾನ. ಮೊದಲನೇ ಸಲ 50 ನಿಮಿಷ. ನಿನ್ನೆ ತಮ್ಮ ನಾನು ಕೂಡಿ 11 ನಿಮಿಷದಾಗ ಕಟ್ಟೀವಿ. ಮಿಸ್ತ್ರಿ ಅಣ್ಣಾ, ರೇಡಿಯೇಟರಿನ್ಯಾಗ ಬೋರಿನ ನೀರೇ ಇತ್ತು. ಬಿಳೀ ಉಪ್ಪು ಕಟ್ಟಿತ್ತು. ಬದಲಿ ಮಾಡ್ಸೀನಿ.


ಕಮಲಾಪುರ_ಕೆಂಬಾಳೆ · ಜನವರಿ 30, ರಾತ್ರಿ 8:30

ಬಂದೀವ್ರಿ. ನಾಕೂ ಮಂದಿ, ಗಾಡಿನೂ. ಒಂದು ಹಿಂದಿನ ಲೈಟು ಬಿಟ್ಟು.

ನಾವು ಮುಟ್ಟೋಕಿಂತ ಎರಡು ರಾತ್ರಿ ಮೊದಲ ಹಿಮ ಬಿದ್ದಿತ್ತು. ಮೊದಲ ದಿನ ನಮ್ಮ ಗಾಡಿ ಹೋಟೆಲ್ಲಿನ ಮುಂದ ಬಿಟ್ಟು, ಅಲ್ಲಿಯವರ ಫೋರ್ ಬೈ ಫೋರಿನ್ಯಾಗ ಅಟಲ್ ಸುರಂಗದ ಆಚಿಗಿರೋ ಸಿಸ್ಸುಗೆ ಹೋದ್ವಿ. ಅಟಲ್ ಸುರಂಗ 9 ಕಿಲೋಮೀಟರ್, 10,000 ಅಡಿ ಮ್ಯಾಲದ, 2020ರ ಅಕ್ಟೋಬರಿನ್ಯಾಗ ತೆರೆದದ್ದು. ಒಳಗ ರಸ್ತಿ ನಮ್ಮ ಹೈವೇದಂಗ ಒಣಾ. ಆ ಡ್ರೈವರ್ ಹೊರಗಿನ ಬಾಯಿ ಇನ್ನಾ ದೂರ ಇರೋವಾಗೇ ಗಾಡಿ ನಡಿಗಿಗಿ ತಂದ. ಹಿಂದಿನ ಕಾರಿನವ ಹಾರ್ನ್ ಹೊಡದ್ರೂ ತಿರುಗಿ ನೋಡಲಿಲ್ಲ. ಹೊರಗ ಬಂದ ಕೂಡ್ಲೇ ಗೊತ್ತಾತು, ಬಾಗಿಲದಾಚೆ ಗಾಜು ಹಾಸಿದಂಗ. ಆ ಹಾರ್ನಿನವ ನಮ್ಮ ಬಾಜೂಕಿಂದ ಅಡ್ಡಾಗಿ ಜಾರಿಕೋತ ಹೋಗಿ ಹಿಮದ ದಂಡಿಗೆ ಕುಂತ. ಡ್ರೈವರ್ ಕಿಟಕಿ ಇಳಿಸಿ ಅವನಿಗೊಂದು ನಮಸ್ಕಾರ ಹೊಡದ.

ಮೂರನೇ ದಿನ ನಮ್ಮ ಬೊಲೆರೊ ತೆಗದ್ವಿ. ಮನಾಲಿಯಿಂದ ಪಲ್ಚಾನ್, ಅಲ್ಲಿಂದ ಸೋಲಂಗ ಅಷ್ಟೇ. 11 ಗಂಟಿಗೆ, ಬಿಸಿಲು ಏರಿದ ಮ್ಯಾಲ. ಭಾರಕ್ಕ ಒಂದು ಚೀಲ ಉಸುಕು, ಇನ್ನೊಂದು ಚೀಲ ತೊಗರಿ ಬ್ಯಾಳಿ, 50 ಕಿಲೋ. ದಿಲ್ಲ್ಯಾಗ ನಮ್ಮ ಊರಿನವರಿಗೆ ಅಂತ ಒಯ್ದಿದ್ದು, ಅವರು ವಾಪಸ್ ಬರೋವಾಗ ಕೊಡ್ರಿ ಅಂದಿದ್ರು. ಹೌಸಿಂಗ್ ಮ್ಯಾಲ ಬರಾಬರ್ ಕುಂತಿತ್ತು. ಚೈನ್ ಕಟ್ಟೋವಾಗ ಬರೀಗೈಲೆ ಕೊಂಡಿ ಹಿಡದೆ, ಬೆರಳಿನ ತೊಗಲು ಕಬ್ಬಿಣಕ್ಕ ಅಂಟಿ ಬಂತು. ಕಾಕಾ, ಕೈಗವಸಿಂದು ನೀವು ಹೇಳಿರಲಿಲ್ಲ.

ಏರು ಆರಾಮ. ಖಣ್ ಖಣ್ ಸದ್ದು, ಎರಡನೇ ಗೇರು, ಎಲ್ಲೂ ನಿಲ್ಲಲಿಲ್ಲ. ಒಂದು ಮುಂದಿನ ಗಾಲಿ ಕಾರು ಆರು ಮಂದಿ ತುಂಬಿಕೊಂಡು ಏರ್ಲಾರ್ದ ನಿಂತಿತ್ತು, ಗಾಲಿ ಹೊಗಿ ಬರೋ ಹಂಗ ತಿರುಗಸ್ಲಾಕತ್ತಿದ್ದ. ಸೇಡಂ ಸರ್ ನೆನಪಾದ್ರು. ನಮ್ಮ ಉಸುಕಿನ ಚೀಲ ಅರ್ಧ ಅವನಿಗೇ ಖರ್ಚಾತು.

ಕೆಟ್ಟದ್ದು ಇಳಿಯೋವಾಗ. ಒಂದಷ್ಟು ದೂರ ರಸ್ತಿ ಕರ್ರಗ, ಒಣಾ ಕಂಡಿತು. ಡಾಂಬರಿನ ಮ್ಯಾಲ ಚೈನ್ ಓಡ್ಸಿದ್ರ ಹರೀತದ ಅಂತ ಬಿಚ್ಚಿದ್ವಿ. ಬಿಚ್ಚಿದ್ದು ತಪ್ಪಲ್ಲ, ಬಿಚ್ಚಿ ವೇಗ ಏರಿಸಿದ್ದು ತಪ್ಪು. ವೇಗ ಅಂದ್ರ 25 ಇರಬೇಕು. ಎರಡನೇ ತಿರುವು ಮರದ ನೆರಳಿನ್ಯಾಗಿತ್ತು. ಬಾಲ ಎಡಕ್ಕ ಹೊಂಟಿತು. ಕಾಕಾ ಹೇಳಿದ್ದೆಲ್ಲಾ ತಲ್ಯಾಗಿತ್ತು, ಆದ್ರ ಕಾಲಿಗಿ ಗೊತ್ತಿದ್ದು ಎರಿ ಮಣ್ಣು ಒಂದೇ. 15 ವರ್ಷದ ಚಾಳಿ, ರೇಸ್ ಒತ್ತೇ ಬಿಟ್ಟೆ. ಬಾಲ ಇನ್ನೂ ಬೀಸಿತು. ಆಗ "ಕಾಲು ತೆಗೀರಿ!" ಅಂತ ನಮ್ಮ ಮನಿಯಾಕಿ ಒದರಿದಳು. ಆಕಿ ಈ ಚರ್ಚಾ ಪೂರ್ತಿ ಓದಿದ್ಲಂತ, ಸೊನ್ನಿದೂ ಸುದ್ದಾ. ಕಾಲು ತೆಗದೆ, ಸ್ಟೇರಿಂಗ್ ಎಡಕ್ಕ ಹಾಕಿದೆ, ಗಾಡಿ ಅರ್ಧ ನೆಟ್ಟಗಾಗಿ ಗುಡ್ಡದ ಬಾಜೂಕ ಬಿಆರ್‌ಒದವ್ರು (ಗಡಿ ರಸ್ತಿ ನೋಡಿಕೊಳ್ಳೋ ಸರ್ಕಾರಿ ಸಂಸ್ಥಾದವ್ರು) ಸರಿಸಿಟ್ಟ ಹಿಮದ ಗೋಡಿಗೆ ಹಿಂದಿಂದ ಮೆತ್ತಗ ಒರಗಿತು. ಲೈಟಿನ ಗಾಜು ಪುಡಿ. ಬ್ಯಾಳಿ ಚೀಲ ಹರಿದು ಗಾಡಿ ತುಂಬಾ ಬ್ಯಾಳಿ. ಈಗೂ ಮ್ಯಾಟಿನ ಕೆಳಗ ಸಿಗ್ತಾವ.

ಇಳಿದು ನಿಂತ್ರ ಕಾಲೂ ನಿಲ್ಲಲಿಲ್ಲ, ಕುಂಡಿ ಮ್ಯಾಲ ಬಿದ್ದೆ. ಅಕ್ಕಾರು ಹೇಳಿದ ಪಾಲಾ ಅದೇ. ನೋಡಿದ್ರ ಒದ್ದಿ ರಸ್ತಿ, ಬರೇ ಒದ್ದಿ ರಸ್ತಿ. ಅಲ್ಲಿಂದ ಕೆಳಗ ಮತ್ತ ಚೈನ್ ಕಟ್ಟೇ ಇಳಿದ್ವಿ. 14 ನಿಮಿಷ ಹಿಡೀತು, ಕೈ ನಡುಗ್ಲಾಕತ್ತಿತ್ತು.


ಬಿದ್ರಿ_ಬೆಳ್ಳಿ · ಜನವರಿ 30, ರಾತ್ರಿ 9:05

ನಿಮ್ಮ ಮನೆಯವರಿಗೆ ನನ್ನ ಕಡೆಯಿಂದ ಒಂದು ದೊಡ್ಡ ನಮಸ್ಕಾರ ಹೇಳಿ. ಮುಂದಿನ ಸಲ ಸ್ಟೇರಿಂಗ್ ಅವರ ಕೈಗೇ ಕೊಡಿ.


ಫೌಜಿ_ಕಾಕಾ_ಆಳಂದ · ಜನವರಿ 31, ಬೆಳಿಗ್ಗೆ 6:15

ಕೈಗವಸು ಹೇಳಿರಲಿಲ್ಲ, ತಪ್ಪಾತು ತಮ್ಮಾ. ಚೈನಿಗೆ ತುಕ್ಕು ಹಿಡೀದಂಗ ತೊಳೆದು, ಒಣಗಿಸಿ, ಸೊಲ್ಪ ಎಣ್ಣಿ ಸವರಿ ಇಡು.


ಸುರಪುರ_ಸವಾರ · ಜನವರಿ 31, ಬೆಳಿಗ್ಗೆ 8:40

ಚೈನ್ ಮಾರ್ತೀರೇನ್ರಿ? ಇಲ್ಲಂದ್ರ ಒಂದು ಕೆಲಸ ಮಾಡ್ರಿ. ಮುಂಗಾರು ಬೀಳಲಿ, ಎರಿ ಹೊಲದ ದಾರ್ಯಾಗ ಚೈನ್ ಕಟ್ಟಿ ನೋಡಿ ಹೇಳ್ರಿ. ನಮ್ಮ ಕಡಿ ಯಾರೂ ಮಾಡಿರಲಾರದು.


ಕಮಲಾಪುರ_ಕೆಂಬಾಳೆ · ಜೂನ್ 19, ಸಂಜೆ 6:55

ಸುರಪುರದ ಅಣ್ಣಾರ, ಮೃಗಶಿರಾ ಮಳಿ ಚಲೋ ಆತು, ಇವತ್ತು ಕಟ್ಟಿ ನೋಡಿದೆ. ಹತ್ತು ಮಾರು ಹೋದ್ವಿ. ಇಳಿದು ನೋಡಿದ್ರ ಚೈನೂ ಇಲ್ಲ, ಟೈರೂ ಇಲ್ಲ, ಎರಡು ದೊಡ್ಡ ಎರಿ ಮಣ್ಣಿನ ಲಡ್ಡು. ಅಪ್ಪ ಎತ್ತು ಹೂಡಿಕೊಂಡು ಬಂದ. ಹೌದ್ರಿ, ಮುಂದೇ ಕಟ್ಟಿದ.